ಭರಣಿಯಲ್ಲಿ ಬಿಜಯಂಗೈದಿರುವ ನನ್ನ ಹೊಟ್ಟೆಯ ಎರಡು ಪಾಲಿಗೆ

ಮಾಮಲೇದಾರ ಕಚೇರಿಯ ಎದುರಿನ ಬೇವಿನ ಕಟ್ಟೆ,
ಹುಕ್ಕೇರಿ, ೧೯೫೮

ಹೊಳೆಯಾಚೆಯ ದೊಡ್ಡ ದವಾಖಾನೆಯಲ್ಲಿ, ಗಾಜಿನ ಭರಣಿಯೊಳಗೆ, ಔಷಧದ ನೀರಿನಲ್ಲಿ ಸುಖವಾಗಿ ತೇಲುತ್ತಿರುವ ನನ್ನ ಹೊಟ್ಟೆಯ ಎರಡು ಪಾಲಿನ ಸನ್ನಿಧಿಗೆ,

ಮಾನ್ಯರೇ,

ತಮಗೆ ಪಾದಗಳಿಲ್ಲದ ಕಾರಣ ನಮಸ್ಕಾರವನ್ನು ಎಲ್ಲಿಗೆ ಅರ್ಪಿಸಬೇಕೆಂದು ತಿಳಿಯದೆ, ಭರಣಿಯ ಮುಚ್ಚಳಕ್ಕೇ ಶರಣು ಮಾಡಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ನಾವೆಲ್ಲ ಇತ್ತ ಕ್ಷೇಮ. ತಾವು ಅತ್ತ ಕೆಡದಂತೆ ಇರುವಿರೆಂದು ನಂಬಿದ್ದೇನೆ. ನಾನು ಪರಪ್ಪ, ಊರವರ ಅರ್ಜಿಗಳನ್ನು ಬರೆದುಕೊಟ್ಟು ಹೊಟ್ಟೆ ಹೊರೆಯುವವನು, ಅಂದರೆ ಇಷ್ಟು ವರ್ಷ ತಮ್ಮನ್ನೇ ಹೊರೆದವನು. ಬೇರೆಯವರ ತಕರಾರುಗಳನ್ನು ಸರಕಾರಕ್ಕೆ ಬರೆದೂ ಬರೆದೂ ಕೈ ಸವೆದಿರುವ ನನಗೆ ಸ್ವಂತ ತಕರಾರು ಬರೆಯುವ ಪ್ರಸಂಗ ಇದೇ ಮೊದಲಾದ್ದರಿಂದ, ಒಕ್ಕಣೆಯಲ್ಲಿ ಹೆಚ್ಚುಕಡಿಮೆ ಆಗಿದ್ದರೆ ದೊಡ್ಡ ಮನಸ್ಸು ಮಾಡಬೇಕು. ಮನಸ್ಸು ಇಲ್ಲದಿದ್ದರೂ ದೊಡ್ಡದಾಗಿರುವುದು ತಮಗೆ ಹೊಸದಲ್ಲ.

ಮೊದಲು ತಮ್ಮ ಗುಣಗಾನ. ತಾವು ಇಡಿಯಾಗಿ ನನ್ನೊಳಗಿದ್ದ ಕಾಲದಲ್ಲಿ ಈ ಸೀಮೆಯಲ್ಲಿ ನನಗಿದ್ದ ಮರ್ಯಾದೆ ಕಲೆಕ್ಟರ ಸಾಹೇಬರಿಗೂ ಇರಲಿಲ್ಲ. ಮೂಡಲಗಿಯ ಒಂದು ಮದುವೆಯಲ್ಲಿ ನಾನು ಹೆಣ್ಣಿನ ಕಡೆಯವನೂ ಆಗಿರಲಿಲ್ಲ, ಗಂಡಿನ ಕಡೆಯವನೂ ಆಗಿರಲಿಲ್ಲ. ಊಟದ ಪಂಗ್ತಿಗೆ ಕಳೆ ಬರಲಿ ಎಂದು ಚಕ್ಕಡಿ ಕಳಿಸಿ ಕರೆಸಿದ್ದರು. ಗೋಕಾಕದ ಪೇಟೆಯಲ್ಲಿ ನಾನು ದೂರದಿಂದ ಕಂಡರೆ ಸಾಕು, ಕರದಂಟಿನ ಅಂಗಡಿಯವರು ತಕ್ಕಡಿ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದರು. ಚಕ್ಕಡಿಯಲ್ಲಿ ನನ್ನನ್ನು ಯಾವಾಗಲೂ ನಟ್ಟನಡುವೆ ಕೂರಿಸುತ್ತಿದ್ದುದು ಗೌರವದಿಂದ ಎಂದೇ ನಾನು ತಿಳಿದಿದ್ದೆ. ಹಿಂದೆ ಕೂತರೆ ನೊಗ ಮೇಲೇಳುತ್ತದೆ ಎಂದು ಚಕ್ಕಡಿಯವನು ಬಹಳ ತಡವಾಗಿ ಹೇಳಿದ.

ಒಳಗಿನ ಸಂಗತಿ ಮಾತ್ರ ಬೇರೆಯೇ ಇತ್ತು ಎಂಬುದು ತಮಗೆ ಗೊತ್ತೇ ಇದೆ. ತಮ್ಮ ಹತ್ತಿರ ಒಂದು ಹುಣ್ಣು ಬಿಡಾರ ಹೂಡಿತ್ತು. ಅದು ಉರಿಯುತ್ತಿತ್ತು, ಉಂಡರೆ ತುಸು ತಣಿಯುತ್ತಿತ್ತು, ಮತ್ತೆ ಉರಿಯುತ್ತಿತ್ತು. ನಾನು ಅದನ್ನು ಹಸಿವೆಂದು ತಿಳಿದು ಉಂಡೆ, ಊರವರು ಅದನ್ನು ಶಕ್ತಿಯೆಂದು ತಿಳಿದು ಬಡಿಸಿದರು. ನೋವಿಗೆ ತುತ್ತು ಹಾಕುತ್ತಿದ್ದವನನ್ನು ಭೀಮಸೇನನೆಂದು ಕೊಂಡಾಡುತ್ತಿದ್ದರಲ್ಲ, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ, ಹೊಲಿಗೆ ಜಗ್ಗುತ್ತದೆ.

ಕಡೆಗೊಂದು ದಿನ ನಾನು ರಕ್ತ ಕಾರಿದಾಗ ದವಾಖಾನೆಯ ಡಾಕ್ಟರರು ಹೊಟ್ಟೆ ಕೊಯ್ದು, ಮೂರರಲ್ಲಿ ಎರಡು ಪಾಲು ತಮ್ಮನ್ನು ಹೊರತೆಗೆದು ನನ್ನ ಜೀವ ಉಳಿಸಿದರು. ಅವರ ಮೇಲೆ ನನ್ನ ತಕರಾರು ಇಲ್ಲ. ಮನೆಗೆ ಹೊರಡುವ ದಿನ ಅವರು ತಮ್ಮನ್ನು ತೋರಿಸಿದರು; ಡಾಕ್ಟರಕಿ ಕಲಿಯುವ ಹುಡುಗರು ಭರಣಿಯ ಸುತ್ತ ನಿಂತು ಕಣ್ಣರಳಿಸಿ ನೋಡುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜು ಸೇರಿದವರು ತಾವೊಬ್ಬರೇ ಎಂದು ನನಗೆ ಹೆಮ್ಮೆಯೂ ಆಯಿತು.

ತಕರಾರು ಇರುವುದು ತಮ್ಮ ಮೇಲೆ. ಅಣ್ಣತಮ್ಮಂದಿರ ಪಾಲುಪತ್ರಗಳನ್ನು ನಾನು ಎಷ್ಟೋ ಬರೆದಿದ್ದೇನೆ. ಎರಡು ಪಾಲು ಹೊಲ ಒಯ್ದವನು ಕೊಟ್ಟಿಗೆಯ ಮುದಿ ಎತ್ತನ್ನೂ ಹೊಡೆದುಕೊಂಡು ಹೋಗಬೇಕೆಂಬುದು ಈ ಸೀಮೆಯ ನ್ಯಾಯ. ತಾವಾದರೋ ಹಸಿವನ್ನು ಇಡಿಯಾಗಿ ನನ್ನ ಅಂಗಳದಲ್ಲೇ ಕಟ್ಟಿ, ಹಿಂದಿರುಗಿ ನೋಡದೆ ಹೋಗಿಬಿಟ್ಟಿರಿ. ಈಗ ನನ್ನ ಹೆಂಡತಿ ಲಕ್ಕವ್ವ ಕೂಸಿಗೆ ಉಣಿಸುವ ಬಟ್ಟಲಿನಲ್ಲಿ ನನಗೆ ಊಟ ಹಾಕುತ್ತಾಳೆ. ಅರ್ಧ ರೊಟ್ಟಿಗೆ ಹೊಟ್ಟೆ ಬಿಗಿಯುತ್ತದೆ, ಹಸಿವು ಮಾತ್ರ ಹಾಗೇ ಕಣ್ಣಲ್ಲಿ, ಮೂಗಿನಲ್ಲಿ, ಬೆರಳ ತುದಿಯಲ್ಲಿ ಕೂತಿರುತ್ತದೆ. ಸ್ವಲ್ಪ ಸ್ವಲ್ಪವಾಗಿ ಆರು ಸಲ ಉಣ್ಣಬೇಕು, ಉಂಡ ಮೇಲೆ ಅಡ್ಡಾಗಬೇಕು, ಸಿಹಿಯನ್ನಂತೂ ಮುಟ್ಟಲೇಬಾರದು ಎಂದು ಡಾಕ್ಟರರ ಕಟ್ಟಪ್ಪಣೆ. ಮೊನ್ನೆ ಒಬ್ಬ ರೈತನ ಹೊಲದ ಗಡಿಗಳ ಚಕಬಂದಿ ಬರೆಯುವಾಗ ‘ಪೂರ್ವಕ್ಕೆ ಲಗಮಣ್ಣನವರ ಹೊಲ, ಪಶ್ಚಿಮಕ್ಕೆ ಬದನೆಕಾಯಿ ಎಣ್ಣೆಗಾಯಿ’ ಎಂದು ಬರೆದುಬಿಟ್ಟಿದ್ದೆ. ಕಾರಕೂನರು ಅದನ್ನು ಗಟ್ಟಿಯಾಗಿ ಓದಿ ಇಡೀ ಕಚೇರಿಯನ್ನು ನಗಿಸಿದರು.

ಇದನ್ನೆಲ್ಲ ನಾನು ಸಹಿಸಿಕೊಂಡೇನು. ಸಹಿಸಲಾರದ್ದು ಬೆಲ್ಲದ ಬಾಗೇವಾಡಿಯ ನಮ್ಮ ಬೀಗತಿ ಶಿವಗಂಗವ್ವನವರ ಉಪಚಾರ. ನನ್ನ ಮಗಳು ಕಾಶೆವ್ವನನ್ನು ಅವರ ಮನೆಗೆ ಕೊಟ್ಟಿರುವುದು ತಮಗೆ ತಿಳಿದದ್ದೇ. ಆ ಮದುವೆಯಲ್ಲಿ ತಾವು ಮೆರೆದ ಮೆರವಣಿಗೆಯನ್ನು ಆ ಊರು ಇನ್ನೂ ಮರೆತಿಲ್ಲ. ನಮ್ಮಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಅದರಲ್ಲಿ ಒಂದಗುಳೂ ಬಿಡುವಂತಿಲ್ಲ, ತಾಟು ತೊಳೆದ ನೀರನ್ನೂ ಕುಡಿದೇ ಏಳಬೇಕು. ಬೀಗರ ಮನೆಯಲ್ಲಿ ಬಡಿಸುವವರು ಕೇಳಿ ಬಡಿಸುವುದಿಲ್ಲ, ಉಣ್ಣುವವರು ಒಲ್ಲೆ ಎನ್ನುವಂತಿಲ್ಲ. ಇವೆರಡರ ನಡುವೆ ಈಗ ಇರುವುದು ಒಂದೇ ಪಾಲು ಹೊಟ್ಟೆ.

ಹೊಟ್ಟೆ ಕೊಯ್ಸಿಕೊಂಡದ್ದನ್ನು ಅವರಿಗೆ ಹೇಳಬಾರದೆಂದು ಲಕ್ಕವ್ವ ಆಣೆ ಹಾಕಿಸಿದ್ದಾಳೆ. “ಹೊಟ್ಯಾಗ ರೋಗ ಇದ್ದ ಮನಿತನ ಅಂತಾರ, ಹುಟ್ಟೋ ಕೂಸಿಗೂ ಬರ್ತೈತೇನೋ ಅಂತಾರ, ಮಗಳ ಮ್ಯಾಲ ಮಾತು ಬರ್ತೈತ್ರಿ” ಎಂಬುದು ಅವಳ ವಾದ. ಆದ್ದರಿಂದ ನಾನು ದವಾಖಾನೆಯಲ್ಲಿದ್ದ ಕಾಲವನ್ನು ಶ್ರೀಶೈಲದ ಯಾತ್ರೆಯೆಂದೂ, ಕರಗಿದ ಮೈಯನ್ನು ಕಾಲುನಡಿಗೆಯ ಫಲವೆಂದೂ ಸಾರಿದ್ದಾಯಿತು. ಗೋಕಾಕದ ಪೇಟೆಯಲ್ಲಿ ಕೊಂಡ ವಿಭೂತಿಯ ಗಟ್ಟಿಯನ್ನು ಶ್ರೀಶೈಲದ್ದೆಂದು ಬೀಗತಿಯವರಿಗೆ ಕೊಟ್ಟದ್ದೂ ಆಯಿತು. ಆದರೆ ಬಸಿರಿ ಮಗಳ ಕುಬಸದ ಊಟದಲ್ಲಿ ನಾನು ಅರ್ಧ ಹೋಳಿಗೆಗೆ ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಶಿವಗಂಗವ್ವನವರ ಮುಖ ಅಲ್ಲೇ ಬಾಡಿತು. ಈಗ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕಳಿಸಿರೆಂದು ಹೇಳಿಕಳಿಸಿದರೆ, ಕಚೇರಿಗೆ ಬಂದ ಆ ಊರಿನವರೊಬ್ಬರ ಬಾಯಲ್ಲಿ ಉತ್ತರ ಬಂದಿದೆ: “ನಮ್ಮ ಮನಿ ಕೂಳು ಬೀಗ್ರಿಗೆ ಸಪ್ಪಗ ಆಗೇತಿ. ಬಂದು, ಮದಿವ್ಯಾಗ ಉಂಡಂಗ ಉಂಡು ತೋರಸ್ಲಿ, ಆಮ್ಯಾಲ ಮಗಳನ್ನ ಕರಕೊಂಡು ಹೋಗ್ಲಿ.”

ಮಗಳಿಗೆ ಎಂಟು ತಿಂಗಳು ತುಂಬಿವೆ. ಅವಳನ್ನು ಕರೆತರಲು ನಾಳೆ ನಾನು ಬೆಲ್ಲದ ಬಾಗೇವಾಡಿಗೆ ಹೋಗಬೇಕಾಗಿದೆ. ಆದ್ದರಿಂದ ಅರ್ಜಿದಾರನ ವಿನಂತಿ ಏನೆಂದರೆ, ತಾವು ಒಂದೇ ಒಂದು ದಿನದ ಮಟ್ಟಿಗೆ ರಜೆ ಪಡೆದು, ಮುಚ್ಚಳ ಸರಿಸಿ, ಬೆಳಗಿನ ಬಸ್ಸಿಗೆ ಬಂದು ನನ್ನನ್ನು ಕೂಡಿಕೊಳ್ಳಬೇಕು. ಒಳಗೆ ಬರಲು ಸಂಕೋಚವಾದರೆ ಧೋತರದ ಗಂಟಿನಲ್ಲಿ ಕಟ್ಟಿಕೊಳ್ಳುತ್ತೇನೆ, ಉಂಡದ್ದನ್ನು ಅಲ್ಲಿಂದಲೇ ಸ್ವೀಕರಿಸಬಹುದು. ಊಟ ಮುಗಿದ ಕೂಡಲೇ ತಮ್ಮನ್ನು ತೊಳೆದು, ಒರೆಸಿ, ಮತ್ತೆ ಭರಣಿಗೆ ಮುಟ್ಟಿಸುವ ಜವಾಬ್ದಾರಿ ನನ್ನದು.

ಇಷ್ಟು ಬರೆದು ಮಡಿಚಿಟ್ಟಿದ್ದೆ. ತಾವು ಬರಲಿಲ್ಲ. ನಾನು ಹೋಗಿ ಬಂದೆ. ಈಗ ಮುಚ್ಚಿಡುವಂಥದ್ದು ಏನೂ ಉಳಿದಿಲ್ಲವಾದ್ದರಿಂದ ಮುಚ್ಚಿದ ಪತ್ರವನ್ನೇ ಬಹಿರಂಗ ಪತ್ರ ಮಾಡಿ, ಮುಂದಿನದನ್ನು ಬರೆಯುತ್ತಿದ್ದೇನೆ.

ಶಿವಗಂಗವ್ವನವರು ಪಡಸಾಲೆಯಲ್ಲಿ ನನಗೊಂದು ಮಣೆ ಹಾಕಿಸಿ, ನಾನು ಉಣ್ಣುವುದನ್ನು ನೋಡಲೆಂದು ನೆರೆಹೊರೆಯವರನ್ನೂ ಕರೆಸಿದ್ದರು. ಕಾಶೆವ್ವ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಆ ಮನೆಯಲ್ಲಿ ಸೊಸೆ ಎಲ್ಲರೂ ಉಂಡಾದ ಮೇಲೆ ಉಣ್ಣುವವಳು. ತಾಟಿಗೆ ನಾಲ್ಕು ಹೋಳಿಗೆ ಒಮ್ಮೆಗೇ ಬಿದ್ದವು, ಅವುಗಳ ಮೇಲೆ ತುಪ್ಪ, ಬದಿಗೆ ಗೋಧಿ ಹುಗ್ಗಿ. ಬೆಲ್ಲದ ಹೆಸರು ಹೊತ್ತ ಊರಿನವರು ಬೆಲ್ಲಕ್ಕೆ ಕೈ ಬಿಗಿ ಹಿಡಿಯುವರೇ? ನಾನು ಮಗಳ ಕಡೆ ಒಮ್ಮೆ ನೋಡಿ, ಉಳಿದೊಂದು ಪಾಲಿನ ಕ್ಷಮೆ ಕೇಳಿ, ಉಣ್ಣತೊಡಗಿದೆ. ಮೊದಲನೆಯದು ಇಳಿಯಿತು. ಎರಡನೆಯದಕ್ಕೆ ಪಕ್ಕದ ಮನೆಯ ಮುದುಕರು “ಭಲೇ ಬೀಗ್ರ!” ಎಂದರು. ಮೂರನೆಯದು ಬಾಯಲ್ಲಿರುವಾಗ ಮೈಯೆಲ್ಲ ಬೆವರು ಒಡೆಯಿತು, ಎದೆ ಹಿಟ್ಟಿನ ಗಿರಣಿಯ ಹಾಗೆ ಬಡಿದುಕೊಳ್ಳತೊಡಗಿತು, ಕಣ್ಣಿಗೆ ಕತ್ತಲೆ ಕವಿಯಿತು, ನಾನು ಮಣೆಯ ಮೇಲಿಂದ ಪಕ್ಕಕ್ಕೆ ಉರುಳಿದೆ.

ಗಾಳಿ ಬರಲೆಂದು ಯಾರೋ ಅಂಗಿಯ ಗುಂಡಿ ಬಿಚ್ಚಿದರು. ಎದೆಗೂಡಿನಿಂದ ಹೊಕ್ಕುಳವರೆಗೆ ಇರುವ ಹೊಲಿಗೆ ಇಡೀ ಓಣಿಗೆ ಕಂಡಿತು. ನಾನು ಕಣ್ಣು ತೆರೆದಾಗ ಶಿವಗಂಗವ್ವನವರು ಬೀಸಣಿಗೆ ಹಿಡಿದು ಮೇಲೆ ಬಾಗಿದ್ದರು. “ಇದೇನ್ರೀ ಬೀಗ್ರ, ನೀವು ಶ್ರೀಶೈಲಕ್ಕ ಹೋಗಿದ್ರೋ, ಚೀಲ ಹೊಲಸಾಕ ಹೋಗಿದ್ರೋ?” ಎಂದು ಕೇಳಿದರು. ಸುಳ್ಳು ಹೇಳಲು ನನಗೆ ಉಸಿರು ಸಾಲಲಿಲ್ಲ, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಹಣೆ ಬಡಿದುಕೊಂಡರು. “ಒಂದ ಮಾತು ಹೇಳಬಾರದೇನ್ರಿ? ನಾ ಉಣಸಾಕತ್ತೇನಿ ಅನ್ಕೊಂಡಿದ್ನಿ, ಕೊಲ್ಲಾಕತ್ತಿದ್ನಲ್ಲ!” ಎಂದು, ಆ ಗಟ್ಟಿ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಎಲ್ಲರ ಕಣ್ಣೂ ತಾಟಿನ ಮೇಲೆ ಹೋಯಿತು. ಅದರಲ್ಲಿ ಇನ್ನೂ ಒಂದೂವರೆ ಹೋಳಿಗೆ, ಕೈ ಮುಟ್ಟಿಸದ ಹುಗ್ಗಿ. ಚೆಲ್ಲುವ ಹಾಗಿಲ್ಲ, ನಾನು ಉಣ್ಣುವ ಹಾಗಿಲ್ಲ. ಆಗ ಕಾಶೆವ್ವ ಬಾಗಿಲು ದಾಟಿ ಪಡಸಾಲೆಗೆ ಬಂದಳು. ಹಿರಿಯರೆಲ್ಲ ನೋಡುತ್ತಿರುವಂತೆಯೇ ನೆಲದ ಮೇಲೆ ಕೈಯೂರಿ ಕೂತು, ನನ್ನ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. “ಅಪ್ಪ ಬಿಟ್ಟದ್ದು ನಾ ಉಣ್ತೇನ್ರಿ ಅತ್ತಿ. ನನಗ ಹೊಟ್ಟಿ ಭಾಳ ಹಸದೈತ್ರಿ,” ಎಂದಳು.

ಮಾನ್ಯರೇ, ಉಣ್ಣುವುದರ ಬಗ್ಗೆ ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದು ತಿಳಿದಿದ್ದೆ. ಆ ಹುಡುಗಿ ಉಣ್ಣುವುದನ್ನು ನೋಡಿದ ಮೇಲೆ ನನಗೆ ಹಸಿವೆಂದರೆ ಏನು ಎಂದು ತಿಳಿಯಿತು. ತಲೆ ಎತ್ತದೆ, ಯಾರನ್ನೂ ನೋಡದೆ, ತುತ್ತಿನ ಮೇಲೆ ತುತ್ತು. ಶಿವಗಂಗವ್ವನವರು ಮೆಲ್ಲಗೆ ಕೇಳಿದರು, “ಯಾವಾಗಿಂದ ಹಸದಿದಿಯವ್ವಾ?”

“ಈ ಮನಿಗೆ ಬಂದಾಗಿಂದ್ರಿ,” ಎಂದಳು ನನ್ನ ಮಗಳು. “ಹೊಟ್ಟಿ ತುಂಬ ಉಂಡ್ರ, ಅಪ್ಪನಂಗ ಉಣ್ತಾಳ ನೋಡು ಅಂತಾರಂತ ಅಂಜಿಕಿ ಆಗತಿತ್ರಿ.”

ತಾವು ಮೆರೆದ ಮೆರವಣಿಗೆಗಳಿಗೆಲ್ಲ ಉಪವಾಸ ಬಿದ್ದವಳು ಅವಳು. ಮೂರು ತಾಲೂಕಿನವರು ನನ್ನ ಊಟವನ್ನು ಕೊಂಡಾಡುತ್ತಿದ್ದಾಗ, ಆ ಹೊಗಳಿಕೆಗೆ ಹೆದರಿ ನನ್ನ ಕೂಸು, ಹೊಟ್ಟೆಯಲ್ಲಿ ಇನ್ನೊಂದು ಕೂಸನ್ನು ಇಟ್ಟುಕೊಂಡು, ಅರ್ಧ ರೊಟ್ಟಿಗೆ ಸಾಕೆಂದು ಏಳುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಶಿವಗಂಗವ್ವನವರು ಒಳಗೆ ಹೋಗಿ, ಹೋಳಿಗೆಯ ಬುಟ್ಟಿಯನ್ನೇ ಎತ್ತಿ ತಂದು ಸೊಸೆಯ ಮುಂದಿಟ್ಟು, ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು. “ಉಣ್ಣವ್ವಾ, ಸಾಕಾಗುಮಟಾ ಉಣ್ಣು,” ಎಂದರು. ನನ್ನ ಕಡೆ ತಿರುಗಿ, “ಬೀಗ್ರ, ನೀವ್ ಕಣ್ ಮುಚ್ಚಿ ಅಡ್ಡಾಗ್ರಿ” ಎಂದರು. ನಾನು ಅಡ್ಡಾದೆ. ಮಗಳು ತಾಟು ತೊಳೆದು, ಆ ನೀರು ಕುಡಿದು, ಮತ್ತೆ ತಾಟು ಮುಂದಿಟ್ಟುಕೊಂಡ ಸಪ್ಪಳ ಕೇಳಿಸಿತು.

ಆದ್ದರಿಂದ ತಮ್ಮ ಮೇಲಿನ ತಕರಾರನ್ನು ನಾನು ಈ ಮೂಲಕ ವಾಪಸು ಪಡೆಯುತ್ತಿದ್ದೇನೆ. ತಾವು ಬರುವುದು ಬೇಡ. ಬಸ್ಸು ಸಿಕ್ಕರೂ ಬೇಡ. ತಾವು ಇದ್ದಾಗ ನನ್ನ ಮನೆಯಲ್ಲಿ ಬೇರೆ ಯಾರ ಹಸಿವೂ ನನಗೆ ಕೇಳಿಸುತ್ತಿರಲಿಲ್ಲ.

ಸುಮಾರು ಐವತ್ತು ವರ್ಷ ತಮ್ಮನ್ನು ಹೊತ್ತು ತಿರುಗಿ, ಈಗ ಹಗುರಾಗಿರುವ,
ತಮ್ಮ ವಿಶ್ವಾಸಿ
ಪರಪ್ಪ, ಅರ್ಜಿ ಬರೆಯುವವನು

ತಾ.ಕ.: ಕಾಶೆವ್ವ ನಮ್ಮ ಮನೆಗೆ ಬಂದಿದ್ದಾಳೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ಜೊತೆಗೆ ಶಿವಗಂಗವ್ವನವರೂ ಟ್ರಂಕು ಹಿಡಿದು ಬಂದಿದ್ದಾರೆ. ಡಾಕ್ಟರರು ಆರು ಸಲ ಉಣ್ಣಲು ಹೇಳಿದ್ದನ್ನು ಯಾರೋ ಅವರ ಕಿವಿಗೆ ಹಾಕಿದ್ದಾರೆ. ಅವರು ಬಟ್ಟಲು ಹಿಡಿದು ಕಚೇರಿಯ ಬೇವಿನ ಕಟ್ಟೆಗೇ ಬಂದು, ಪಕ್ಷಕಾರರೆಲ್ಲರ ಎದುರಿಗೆ, “ಬಾಯಿ ತಗೀರಿ ಬೀಗ್ರ” ಎನ್ನುತ್ತಾರೆ. ತಮ್ಮ ಭರಣಿಯಲ್ಲಿ ಇನ್ನೊಂದು ಪಾಲಿಗೆ ಜಾಗವಿದ್ದರೆ ಮರುಟಪಾಲಿಗೆ ತಿಳಿಸಬೇಕು.