ದಿಂಬಣ್ಣನಿಗೆ ನಿದ್ದೆ ಬಂದದ್ದು

ಮಾತ್ರೆ ನೋಡುವುದಕ್ಕೆ ಹುಣಸೆ ಬೀಜದಷ್ಟು. ಆದರೆ ಒಂಬತ್ತು ವಾರದಿಂದ ದಿನಾ ಅದನ್ನು ನುಂಗುತ್ತಿದ್ದ ದಿಂಬಣ್ಣನಿಗೆ ಅದನ್ನು ಕಂಡರೆ ಹಳೆಯ ಲೆಕ್ಕದ ಮೇಷ್ಟರನ್ನು ಕಂಡ ಹಾಗಾಗುತ್ತಿತ್ತು. ಗೌರವವೂ ಇತ್ತು, ಭಯವೂ ಇತ್ತು. ಎಂದೋ ಆಪರೇಷನ್ ಆದಾಗ ಏರಿಸಿದ ರಕ್ತದ ಜೊತೆ ಒಳಹೊಕ್ಕು, ಇಪ್ಪತ್ತು ವರ್ಷ ಸದ್ದಿಲ್ಲದೆ ಕೂತಿದ್ದ ಹೆಪಟೈಟಿಸ್ ಸಿ ಎಂಬ ಕಳ್ಳನನ್ನು ಆ ಮಾತ್ರೆ ಹುಡುಕಿ ಹುಡುಕಿ ಹೊರಗಟ್ಟುತ್ತಿತ್ತು. ಅದು ಸಂತೋಷದ ಸಂಗತಿಯೇ. ಆದರೆ ಕಳ್ಳನನ್ನು ಅಟ್ಟುವ ಗಲಾಟೆಯಲ್ಲಿ ಮನೆಯವನ ನಿದ್ದೆಯನ್ನೂ ಸಮಾಧಾನವನ್ನೂ ಅಟ್ಟಿಬಿಟ್ಟಿತ್ತು.

“ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ಆಗುತ್ತೆ. ಕೋರ್ಸು ಮುಗಿದ ಮೇಲೆ ತಾನಾಗಿ ಸರಿಹೋಗುತ್ತೆ,” ಎಂದಿದ್ದರು ಆಸ್ಪತ್ರೆಯ ನರ್ಸಮ್ಮ. ಮಾತ್ರೆ ಒಂದು ದಿನವೂ ತಪ್ಪಿಸಕೂಡದು, ಮಧ್ಯಾಹ್ನದ ಮೇಲೆ ಕಾಫಿ ಕೂಡದು, ಹಗಲುನಿದ್ದೆಯಂತೂ ಕೂಡಲೇ ಕೂಡದು ಎಂದು ಹೇಳಿ ಒಂದು ಚಾರ್ಟ್ ಕೊಟ್ಟಿದ್ದರು. ಎಷ್ಟು ಗಂಟೆ ನಿದ್ದೆ ಬಂತು, ಮನಸ್ಸು ಹೇಗಿತ್ತು ಎಂದು ಅದರಲ್ಲಿ ದಿನವೂ ಬರೆಯಬೇಕು.

ದಿಂಬಣ್ಣ ಅವನ ನಿಜವಾದ ಹೆಸರಲ್ಲ. ಪೇಟೆಯ ಹಾಸಿಗೆ ಅಂಗಡಿಯಲ್ಲಿ ಅವನು ಸೇಲ್ಸ್‌ಮನ್. ಗುಂಡಗಿದ್ದ, ಮೆತ್ತಗಿದ್ದ, ಯಾರು ಎಷ್ಟು ಒತ್ತಿದರೂ ಮತ್ತೆ ಮೊದಲಿನ ಹಾಗೇ ಆಗುತ್ತಿದ್ದ. ಆದ್ದರಿಂದ ಬೀದಿಯವರು ಹಾಗೆ ಕರೆದರು, ಅವನೂ ಓಗೊಟ್ಟ. ಇಂಥವನಿಗೆ ಈಗ ಮೂಗಿನ ತುದಿಯಲ್ಲೇ ಸಿಟ್ಟು, ಕಣ್ಣಿನ ತುದಿಯಲ್ಲೇ ನೀರು.

ಆ ದಿನ ಬೆಳಿಗ್ಗೆ ಹೆಂಡತಿ ಚಾರ್ಟ್ ಬರೆಯುತ್ತಿದ್ದಳು. “ನಿದ್ದೆ, ಒಂದೂವರೆ ಗಂಟೆ. ಮನಸ್ಸು...”

“ಚೆನ್ನಾಗಿತ್ತು ಅಂತ ಬರಿ.”

“ನಲ್ಲಿ ತೊಟ್ಟಿಕ್ಕುತ್ತೆ ಅಂತ ನಾಲ್ಕು ಗಂಟೇಲಿ ಅದರ ಜೊತೆ ಜಗಳ ಆಡಿದ್ರಲ್ಲ ರೀ.”

“ಅದು ಬೇಕೂಂತಲೇ ತೊಟ್ಟಿಕ್ತಿತ್ತು ಕಣೇ.”

ಅವಳು ‘ನಲ್ಲಿಯ ಜೊತೆ ಜಗಳ’ ಎಂದು ಬರೆದಳು. ಬರೆದು, ಪೆನ್ನನ್ನು ಸಕ್ಕರೆ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

ದಿಂಬಣ್ಣ ಅದನ್ನು ನೋಡಿದ. ಅವನು ಎಚ್ಚರವಾಗಿದ್ದಷ್ಟು ಹೊತ್ತೂ ಅವಳೂ ಎಚ್ಚರವಾಗಿರುತ್ತಿದ್ದಳು. ನೀನು ಮಲಗು ಎಂದರೆ “ನೀವು ಹೀಗೆ ಓಡಾಡ್ತಿದ್ರೆ ನನಗೆಲ್ಲಿಂದ ಬರುತ್ತೆ” ಎನ್ನುತ್ತಿದ್ದಳು. ಅವಳು ಶಿಶುವಿಹಾರದ ಟೀಚರ್. ಮೊನ್ನೆ ಮಕ್ಕಳನ್ನು ಮಲಗಿಸಲು ಹೋಗಿ ತಾನೇ ತೂಕಡಿಸಿದಳಂತೆ. ಮಕ್ಕಳೆಲ್ಲ ಸುತ್ತ ಕೂತು ಅವಳಿಗೇ ಜೋಗುಳ ಹಾಡಿದರಂತೆ. ಅವಳು ಅದನ್ನು ನಗುತ್ತಾ ಹೇಳಿದ್ದಳು. ಇವನಿಗೆ ನಗು ಬಂದಿರಲಿಲ್ಲ. ತನ್ನ ನಿದ್ದೆ ಹಾಳಾಗಿಹೋಗಲಿ, ಇನ್ನು ಮೂರು ವಾರ ತಾನೇ. ಇವಳು ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದ್ದನ್ನು ನೋಡಿದರೆ ಸಾಕಾಗಿತ್ತು ಅವನಿಗೆ. ಕೋರ್ಸು ಮುಗಿದ ಮೇಲೆ ಇಬ್ಬರೂ ಸಮುದ್ರ ನೋಡಿಬರಬೇಕೆಂದು ಅವಳು ಒಂದು ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದಳು. ಅಲ್ಲಿಯವರೆಗೆ ಇವಳು ನಿಂತಲ್ಲೇ ಬೀಳದಿದ್ದರೆ ಸಾಕು ಎಂದುಕೊಂಡು ಮೆಟ್ಟಿಲಿಳಿದ.

ಕೆಳಮನೆಯ ಟೈಲರ್ ಬಾಗಿಲಲ್ಲೇ ಹಿಡಿದ. ಬೀದಿಯಲ್ಲಿ ಯಾರ ಮನೆಯಲ್ಲಿ ಏನಾದರೂ ಅವನ ಸೂಜಿ ನಿಲ್ಲುತ್ತಿತ್ತು. ಕಾಯಿಲೆಯ ಹೆಸರು ಕೇಳಿದಂದಿನಿಂದ ಅವನು ದಿಂಬಣ್ಣನ ಜೊತೆ ಎರಡು ಮಾರು ದೂರದಿಂದ ಮಾತಾಡುತ್ತಿದ್ದ. ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವ ಕಾಯಿಲೆ ಅದಲ್ಲ ಎಂದು ನರ್ಸಮ್ಮ ಹೇಳಿದ್ದನ್ನು ಇವನು ನಾಲ್ಕು ಸಲ ಹೇಳಿದ್ದ. ಟೈಲರ್ ನಾಲ್ಕು ಸಲವೂ ಒಪ್ಪಿ, ಅಷ್ಟೇ ದೂರದಲ್ಲಿ ನಿಂತಿದ್ದ.

“ರಾತ್ರಿಯೆಲ್ಲ ಮೇಲೆ ಧಡಧಡ ಸದ್ದು. ಮಲಗಲಿಲ್ವಾ?”

“ಇಲ್ಲ.”

“ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಿಮಗೇನೋ ಚಿಂತೆ ಇದೆ. ಹೇಳ್ಕೊಳಿ. ನಾನು ಯಾರಿಗೂ ಹೇಳಲ್ಲ.”

“ನನಗಿರೋ ಚಿಂತೆ ನೀವೊಬ್ರೇ,” ಎಂದುಬಿಟ್ಟ ದಿಂಬಣ್ಣ. ಮೂರು ಹೆಜ್ಜೆ ನಡೆದ ಮೇಲೆ ಪಶ್ಚಾತ್ತಾಪವಾಗಿ ತಿರುಗಿ, “ತಪ್ಪಾಯ್ತು, ಮಾತ್ರೆ ಮಾತಾಡಿದ್ದು,” ಎಂದ. ಟೈಲರ್ ಬೇಜಾರು ಮಾಡಿಕೊಳ್ಳಲಿಲ್ಲ. ಮಧ್ಯಾಹ್ನದವರೆಗೆ ಹೇಳಿಕೊಂಡು ತಿರುಗಲು ಅವನಿಗೆ ಅಷ್ಟು ಸಾಕಾಗಿತ್ತು.

ಅಂಗಡಿಯಲ್ಲಿ ಯಜಮಾನ ಅವನ ಕಣ್ಣು ನೋಡಿ ತಲೆ ಚಚ್ಚಿಕೊಂಡ. “ಏನಪ್ಪಾ ಇದು, ಟೊಮೇಟೊ ಹಣ್ಣಿನ ಹಾಗಿದೆ. ಸುಖನಿದ್ದೆ ಹಾಸಿಗೆ ಅಂತ ಬೋರ್ಡು ಬರೆಸಿದೀನಿ. ಅದರ ಕೆಳಗೆ ನೀನು ನಿಂತ್ರೆ ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗಿರುತ್ತೆ. ತಗೋ, ಇದನ್ನ ಹಾಕ್ಕೋ.” ತನ್ನ ಕಪ್ಪು ಕನ್ನಡಕವನ್ನು ತೆಗೆದು ಕೊಟ್ಟ.

ಮೊದಲು ಬಂದವರು ಒಬ್ಬ ತಾಯಿ, ಮಗಳು. ಅಂಗಡಿಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತವನನ್ನು ನೋಡಿ ತಾಯಿ, “ಕಣ್ಣುಬೇನೆ ಇರಬೇಕು, ಅಂಟಿಕೊಳ್ಳುತ್ತೆ ಬಾ,” ಎಂದು ಮಗಳ ಕೈ ಹಿಡಿದು ಬಂದ ಹಾಗೇ ಹೊರಟುಹೋದಳು.

ಆಮೇಲೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಅರ್ಧ ಗಂಟೆ ಎಲ್ಲ ಹಾಸಿಗೆಗಳನ್ನೂ ಒತ್ತಿ ಒತ್ತಿ ನೋಡಿದರು.

“ಗಟ್ಟಿ ಇದ್ರೆ ಸೊಂಟಕ್ಕೆ ಒಳ್ಳೇದು,” ಎಂದ ಗಂಡ.

“ಗಟ್ಟಿ ಬೇಕಾದ್ರೆ ನೆಲ ಇಲ್ವಾ? ಅದಕ್ಯಾಕೆ ಅಂಗಡಿಗೆ ಬರಬೇಕಿತ್ತು?” ಎಂದಳು ಹೆಂಡತಿ. ಇಬ್ಬರೂ ದಿಂಬಣ್ಣನ ಕಡೆ ತಿರುಗಿದರು. “ನೀವೇ ಹೇಳಿ ಅಣ್ಣ, ಯಾವುದರಲ್ಲಿ ಚೆನ್ನಾಗಿ ನಿದ್ದೆ ಬರುತ್ತೆ?”

ಬೇರೆ ದಿನವಾಗಿದ್ದರೆ ದಿಂಬಣ್ಣ ಸ್ಪ್ರಿಂಗು, ಹತ್ತಿ, ನಾರು ಎಂದು ಹದಿನೈದು ನಿಮಿಷ ಹೇಳುತ್ತಿದ್ದ. ಈಗ, “ನಿದ್ದೆ ಹಾಸಿಗೇಲಿ ಇರಲ್ಲಮ್ಮ,” ಎಂದು ಗುಡುಗಿದ. “ಇದ್ದಿದ್ರೆ ಈ ಅಂಗಡೀಲಿ ಮೂಟೆಗಟ್ಟಲೆ ಇರಬೇಕಿತ್ತು. ಎರಡು ತಿಂಗಳಿಂದ ಹುಡುಕ್ತಿದೀನಿ, ನನಗೆ ಒಂದು ಚಮಚಾನೂ ಸಿಕ್ಕಿಲ್ಲ.”

ಗಂಡ ಬೆಚ್ಚಿಬಿದ್ದು ಹೆಂಡತಿಯ ಕೈ ಹಿಡಿದುಕೊಂಡ. “ಆಯ್ತು, ನಿನಗೆ ಬೇಕಾದ್ದೇ ತಗೋ. ನೀನು ಚೆನ್ನಾಗಿ ಮಲಗಿದ್ರೆ ನನಗದೇ ಸಾಕು,” ಎಂದ.

ಆ ಮಾತು ಕೇಳಿದ್ದೇ ತಡ, ಕಪ್ಪು ಕನ್ನಡಕದ ಕೆಳಗಿನಿಂದ ಧಾರೆ ಇಳಿಯಿತು. “ಹೀಗೇ ಇರಿ, ಇಬ್ಬರೂ ಹೀಗೇ ಇರಿ,” ಎಂದು ದಿಂಬಣ್ಣ ಅಲ್ಲಿದ್ದ ಒಂದು ದಿಂಬನ್ನು ತಬ್ಬಿಕೊಂಡು ಬಿಕ್ಕಿದ. ಜೋಡಿ ಹಾಗೇ ಇರಲಿಲ್ಲ, ಬೇಗಬೇಗ ಮೆಟ್ಟಿಲಿಳಿಯಿತು.

ಯಜಮಾನ ನಿಧಾನವಾಗಿ ಎದ್ದುಬಂದ. “ಹೆದರಿಸ್ದೆ, ಬೈದೆ, ಅತ್ತೆ. ಇನ್ನು ಕಚ್ಚೋದೊಂದು ಬಾಕಿ. ಹೋಗು, ಮುಂದಿನ ಗಾಜಿನ ಕೋಣೇಲಿರೋ ಹಾಸಿಗೆಗೆ ಹೊಸ ಹೊದಿಕೆ ಹಾಕು. ಸಂಜೆವರೆಗೆ ನಿನ್ನ ಮುಖ ನನಗೆ ಕಾಣಬಾರದು. ಸಂಜೆ ನಿನ್ನ ಕೆಲಸ ಇರುತ್ತೋ ಇಲ್ವೋ ಹೇಳ್ತೀನಿ.”

ರಸ್ತೆಗೆ ಮುಖಮಾಡಿದ್ದ ಆ ಗಾಜಿನ ಕೋಣೆಯಲ್ಲಿ ಅಂಗಡಿಯ ಅತಿ ದುಬಾರಿ ಹಾಸಿಗೆ ಇತ್ತು. ಗಾಜಿನಿಂದ ಬಿಸಿಲು ಬೆಚ್ಚಗೆ ಬೀಳುತ್ತಿತ್ತು, ಹೊರಗಿನ ಸದ್ದು ಒಳಗೆ ಕೇಳುತ್ತಿರಲಿಲ್ಲ. ದಿಂಬಣ್ಣ ಮೂರು ಮೂಲೆಗೆ ಹೊದಿಕೆ ಸಿಕ್ಕಿಸಿದ. ನಾಲ್ಕನೆಯದು ಗೋಡೆಯ ಕಡೆ ಇತ್ತು. ಅದನ್ನು ಹಿಡಿಯಲು ಹಾಸಿಗೆಯ ಮೇಲೆ ಮಂಡಿಯೂರಿ ಬಗ್ಗಿದ. ಬಗ್ಗಿದವನು ಏಳಲಿಲ್ಲ.

ಮುಂದಿನದು ಅವನಿಗೆ ಗೊತ್ತಿಲ್ಲ. ಹಾದುಹೋಗುತ್ತಿದ್ದ ಒಬ್ಬ ನಿಂತು ನೋಡಿದ. ಅವನು ಏನು ನೋಡುತ್ತಿದ್ದಾನೆಂದು ನೋಡಲು ಇಬ್ಬರು ನಿಂತರು. ಹತ್ತು ನಿಮಿಷದಲ್ಲಿ ಗಾಜಿನ ಮುಂದೆ ಸಂತೆ ಸೇರಿತು. ಯಜಮಾನ ಹಲ್ಲು ಕಡಿಯುತ್ತಾ ಗಾಜಿನ ಕೋಣೆಗೆ ನುಗ್ಗಿ ಕೈಯೆತ್ತಿದ. ಅಷ್ಟರಲ್ಲಿ ಗುಂಪಿನಿಂದ ಒಬ್ಬ ಗಾಜು ತಟ್ಟಿ, ಇದು ಯಾವ ಹಾಸಿಗೆ ಎಂದು ಸನ್ನೆಯಲ್ಲಿ ಕೇಳಿದ. ಯಜಮಾನನ ಎತ್ತಿದ ಕೈ ಹಾಗೇ ಕೆಳಗಿಳಿದು, ಹೊದಿಕೆಯನ್ನು ದಿಂಬಣ್ಣನ ಭುಜದವರೆಗೆ ಎಳೆದು, ತಾಯಿಯ ಹಾಗೆ ತಟ್ಟಿತು.

ಗುಂಪಿನಲ್ಲಿ ಗುಂಡಿ ಕೊಳ್ಳಲು ಪೇಟೆಗೆ ಬಂದಿದ್ದ ಕೆಳಮನೆಯ ಟೈಲರ್ ಕೂಡ ಇದ್ದ. ಗಾಜಿಗೆ ಮೂಗೊತ್ತಿ ನೋಡಿ, ಗುಂಡಿಯನ್ನು ಮರೆತು, ಬಂದ ದಾರಿಯಲ್ಲೇ ಓಡಿದ.

ದಿಂಬಣ್ಣ ಕಣ್ಣುಬಿಟ್ಟಾಗ ಗೋಡೆಗಡಿಯಾರ ಐದೂವರೆ ತೋರಿಸುತ್ತಿತ್ತು. ತಲೆ ಹೂವಿನಷ್ಟು ಹಗುರವಾಗಿತ್ತು. ಯಜಮಾನ ಕೈಯಲ್ಲಿ ಕಾಫಿ ಹಿಡಿದು ಎದುರಿಗೆ ಕೂತಿದ್ದ. ಕೆಲಸ ಹೋಯಿತು, ಕೊನೆಯ ಕಾಫಿ ಇದು ಎಂದುಕೊಂಡ ದಿಂಬಣ್ಣ.

“ಹನ್ನೊಂದು ಹಾಸಿಗೆ ಹೋಯ್ತು,” ಎಂದ ಯಜಮಾನ. “ಒಂದು ತಿಂಗಳಲ್ಲಿ ಹೋಗದೇ ಇದ್ದದ್ದು ಒಂದು ಮಧ್ಯಾಹ್ನದಲ್ಲಿ ಹೋಯ್ತು. ನಾಳೆಯಿಂದ ನೀನು ಮಾತಾಡಲೇಬೇಡ. ಬಂದು ಇಲ್ಲಿ ಮಲಗು, ಅಷ್ಟೇ ಕೆಲಸ.”

ದಿಂಬಣ್ಣ ಕಾಫಿ ಬೇಡವೆಂದು ಕೈ ಮುಗಿದ. “ಸಾರ್, ನನಗೊಂದು ಉಪಕಾರ ಮಾಡಿ. ಎರಡು ತಿಂಗಳಾದ ಮೇಲೆ ನಿದ್ದೆ ಬಂದದ್ದು ಈ ಹಾಸಿಗೇಲಿ. ಇದನ್ನ ನನಗೇ ಕೊಡಿ. ಸಂಬಳದಲ್ಲಿ ಹಿಡ್ಕೊಳಿ.”

ಯಜಮಾನ ಮುಖ ಆಚೆ ತಿರುಗಿಸಿದ. ಹಾಸಿಗೆ ಹೊರುವ ಪೈಲ್ವಾನ್ ಬಾಗಿಲಲ್ಲಿ ನಿಂತು ಕಿಸಕ್ಕೆಂದ. “ಅಣ್ಣ, ಆ ಹಾಸಿಗೆ ಒಂದು ಗಂಟೇಗೇ ಹೋಯ್ತಲ್ಲ. ಯಾರೋ ಫೋನ್ ಮಾಡಿ ಅದೇ ಬೇಕು ಅಂದ್ರಂತೆ. ಗಾಡಿ ಹೊರಟಿತ್ತು, ಅದಕ್ಕೆ ನಾನೂ ಸಾರೂ ನಿಮ್ಮನ್ನ ಎತ್ತಿ ಈ ಕಡೆ ಇಟ್ವಿ.”

ದಿಂಬಣ್ಣ ಹೊದಿಕೆ ಎತ್ತಿ ನೋಡಿದ. ಕೆಳಗೆ ಇದ್ದದ್ದು ಪಕ್ಕದಂಗಡಿಯಲ್ಲಿ ಫ್ರಿಜ್ ತುಂಬಿ ಬಂದಿದ್ದ ದಪ್ಪ ರಟ್ಟಿನ ಪೆಟ್ಟಿಗೆ, ಬಿಚ್ಚಿ ಹಾಸಿದ್ದರು. ಅಂದರೆ ಒಂದರಿಂದ ಐದೂವರೆಯವರೆಗೆ ಜನ ನೋಡಿ ಮೆಚ್ಚಿ ಕೊಂಡದ್ದು ರಟ್ಟಿನ ಮೇಲಿನ ನಿದ್ದೆಯನ್ನು.

“ನಿಜ ಹೇಳ್ಲಾ ಅಣ್ಣ,” ಎಂದ ಪೈಲ್ವಾನ್. “ಹಾಸಿಗೆ ಮೇಲೆ ಇದ್ದಾಗ ಬರೀ ಹೊರಳಾಡ್ತಿದ್ರಿ. ರಟ್ಟಿನ ಮೇಲೆ ಹಾಕಿದ್ಮೇಲೇನೇ ಗೊರಕೆ ಶುರುವಾಗಿದ್ದು.”

“ಈ ಮಾತು ಈ ಗಾಜು ದಾಟಬಾರದು,” ಎಂದ ಯಜಮಾನ.

ದಾಟಿಸಬೇಕಾದ ಅಗತ್ಯವೇ ದಿಂಬಣ್ಣನಿಗೆ ಇರಲಿಲ್ಲ. ಅವನಿಗೆ ಕುಣಿಯಬೇಕೆನಿಸಿತ್ತು. ಬಿಡಿಗಾಸಿನ ಖರ್ಚಿಲ್ಲದ ಮದ್ದು ಸಿಕ್ಕಿತ್ತು. ರಟ್ಟನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿ ಹೆಗಲಿಗೇರಿಸಿದ. ಇವತ್ತು ನೆಲದ ಮೇಲೆ ಇದನ್ನು ಹಾಸಿ ತಾನು ಮಲಗುವುದು, ಮಂಚವೆಲ್ಲ ಅವಳಿಗೆ ಬಿಡುವುದು. ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ನಡೆದ. ಎದುರಾದ ಒಂದು ನಾಯಿಗೂ ಹೇಗಿದ್ದೀಯ ಎಂದು ಕೇಳಿದ.

ಮನೆಯ ಬಾಗಿಲು ತೆರೆದಿತ್ತು. ಕೋಣೆಯ ತುಂಬ ಹಾಸಿಗೆ ಇತ್ತು. ಮಂಚಕ್ಕಿಂತ ಒಂದು ಗೇಣು ಹೊರಗೆ ಚಾಚಿಕೊಂಡು, ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ ಕೂತಿತ್ತು. ಗಾಜಿನ ಕೋಣೆಯಲ್ಲಿ ಅವನೇ ಮೂರು ಮೂಲೆಗೆ ಹೊದಿಕೆ ಸಿಕ್ಕಿಸಿದ್ದ ಅದೇ ಹಾಸಿಗೆ. ಅದರ ಮೇಲೆ ಟೈಲರ್, ಎರಡು ಮಾರಿನ ದೂರವನ್ನೆಲ್ಲ ಮರೆತು, ಕೂತು ಕೂತು ಪುಟಿಯುತ್ತಿದ್ದ.

“ಟೈಲರ್ ಅಣ್ಣ ಓಡಿಬಂದು ಹೇಳಿದ್ರು, ನಿಮಗೆ ಅದರ ಮೇಲೆ ನಿದ್ದೆ ಬಂದಿದೆ ಅಂತ,” ಎಂದಳು ಹೆಂಡತಿ. ಅವಳ ಮುಖ ಹೂಬಿಟ್ಟ ಬಳ್ಳಿಯ ಹಾಗೆ ಅರಳಿತ್ತು. “ಅಂಗಡಿಗೆ ಫೋನ್ ಮಾಡಿ ಅದೇ ಬೇಕು ಅಂದೆ. ಹೆಂಡತಿ ಅಂತ ಹೇಳ್ಲಿಲ್ಲ, ಟೈಲರ್ ಅಣ್ಣನ ಮನೆ ವಿಳಾಸ ಕೊಟ್ಟೆ. ಹೇಳಿದ್ರೆ ಕೆಲಸದ ಹೊತ್ನಲ್ಲಿ ಮಲಗಿದ್ದಕ್ಕೆ ನಿಮ್ಮನ್ನ ಬೈತಾರೇನೋ ಅಂತ ಭಯ. ಡಬ್ಬೀಲಿದ್ದದ್ದು ಸರಿಹೋಯ್ತು. ಸಮುದ್ರ ಎಲ್ಲೂ ಓಡಿಹೋಗಲ್ಲ ಬಿಡಿ.”

ದಿಂಬಣ್ಣ ಬಾಯಿ ತೆರೆದ. ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿ ಮುಚ್ಚಿದ.

“ಈ ರಟ್ಟು ಯಾಕ್ರೀ?”

“ಅದು... ಸುಮ್ನೆ, ಬಿದ್ದಿತ್ತು.”

“ಸುಮ್ನೆ ಬಿದ್ದಿದ್ರೆ ನನಗಿರಲಿ,” ಎಂದು ಟೈಲರ್ ಹಾಸಿಗೆಯಿಂದ ಜಿಗಿದ. “ಕಾಲರ್ ಮಾದರಿ ಕತ್ತರಿಸೋಕೆ ಇಂಥ ದಪ್ಪ ರಟ್ಟೇ ಹುಡುಕ್ತಿದ್ದೆ. ಉಪಕಾರಕ್ಕೆ ಉಪಕಾರ ಆಯ್ತು ನೋಡಿ.” ದಿಂಬಣ್ಣನ ಹೆಗಲನ್ನು ತಟ್ಟಿ, ಮುಟ್ಟಿದ್ದು ಗಮನಕ್ಕೇ ಬಾರದೆ, ಸುರುಳಿಯನ್ನು ಎತ್ತಿಕೊಂಡು ಇಳಿದುಹೋದ.

ರಾತ್ರಿ ಇಬ್ಬರೂ ಹೊಸ ಹಾಸಿಗೆಯ ಮೇಲೆ ಮಲಗಿದರು. ಹಗಲು ಅಷ್ಟು ಮಲಗಿದವನಿಗೆ ಇನ್ನು ನಿದ್ದೆ ಎಲ್ಲಿಯದು? ನರ್ಸಮ್ಮ ಸುಮ್ಮನೆ ಹೇಳಿರಲಿಲ್ಲ.

“ಬಂತಾ ರೀ?” ಎಂದಳು ಅವಳು.

ದಿಂಬಣ್ಣ ಹದವಾಗಿ ಒಂದು ಗೊರಕೆ ಹೊಡೆದ. “ಸದ್ಯ,” ಎಂದು ಅವಳು ಉಸಿರುಬಿಟ್ಟಳು. ಅವನ ಎರಡನೆಯ ಗೊರಕೆ ಮುಗಿಯುವ ಮೊದಲೇ ಅವಳ ನಿಜವಾದ ಗೊರಕೆ ಶುರುವಾಯಿತು. ಕೆಳಗಿನಿಂದ ಟೈಲರನ ಕತ್ತರಿ ರಟ್ಟನ್ನು ಕರಕರ ಕತ್ತರಿಸುವ ಸದ್ದು ಬರುತ್ತಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದು ದಿಂಬಣ್ಣ ಸ್ವಲ್ಪ ಹೊತ್ತು ಪ್ರಯತ್ನಿಸಿದ. ಆಗಲಿಲ್ಲ. ಪಕ್ಕಕ್ಕೆ ತಿರುಗಿ ಅವಳು ಮಲಗಿರುವುದನ್ನು ನೋಡುತ್ತಾ ಇದ್ದ. ನಲ್ಲಿ ತೊಟ್ಟಿಕ್ಕುತ್ತಿದ್ದುದು ಕೂಡ ಅವನಿಗೆ ಕೇಳಿಸಲಿಲ್ಲ.

ಬೆಳಿಗ್ಗೆ ಅವಳು ಸಕ್ಕರೆ ಡಬ್ಬಿಯಿಂದ ಪೆನ್ನು ತೆಗೆದು ಹಾಡಿಕೊಳ್ಳುತ್ತಾ ಚಾರ್ಟ್ ತುಂಬಿದಳು. ‘ನಿದ್ದೆ: ಏಳು ಗಂಟೆ. ಮನಸ್ಸು: ತುಂಬ ಚೆನ್ನಾಗಿದೆ.’ ದಿಂಬಣ್ಣ ತಿದ್ದಲು ಹೋಗಲಿಲ್ಲ. ಎರಡೂ ನಿಜವೇ ಆಗಿತ್ತು; ನಿದ್ದೆ ಅವಳದು, ಮನಸ್ಸು ಅವನದು. ನರ್ಸಮ್ಮನಿಗೆ ಫೋನಿನಲ್ಲಿ ಗುಟ್ಟಾಗಿ ನಿಜ ಹೇಳಿದರಾಯಿತು.

ಅಷ್ಟರಲ್ಲಿ ಯಜಮಾನನ ಫೋನ್ ಬಂತು. “ಎಲ್ಲಿದೀಯಪ್ಪಾ? ಗಾಜಿನ ಮುಂದೆ ಆಗಲೇ ಜನ ನಿಂತಿದಾರೆ. ಬೇಗ ಬಂದು ಮಲಗು.”

ಹಗಲು ನಿದ್ದೆ ಮಾಡಕೂಡದು, ಮಾಡದಿದ್ದರೆ ಕೆಲಸ ಉಳಿಯದು. ಅಂಗಡಿಯಲ್ಲಿ ಸುಳ್ಳು ನಿದ್ದೆ, ಮನೆಯಲ್ಲಿ ಸುಳ್ಳು ಗೊರಕೆ, ಇನ್ನು ಇಪ್ಪತ್ತು ದಿನ. ದಿಂಬಣ್ಣ ಆ ದಿನದ ಮಾತ್ರೆಯನ್ನು ನೀರಿನ ಜೊತೆ ನುಂಗಿ, ಕಪ್ಪು ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಮಲಗುವುದಕ್ಕೆ ಕೆಲಸಕ್ಕೆ ಹೊರಟ.