ನಟಿ ಆಡಿದ್ದು ಒಂದು, ನಾನು ಅನುವಾದಿಸಿದ್ದು ಇನ್ನೊಂದು

ಹಿಂದಿ ನನಗೆ ನೀರು ಕುಡಿದಷ್ಟು ಸುಲಭ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿರುವುದು ವಿಷಾದದ ಸಂಗತಿ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಹಿಂದಿ ಕಲಿಸಿದವನು ನಾನು. ಖಾಸಬಾಗದ ನಮ್ಮ ಓಣಿಯಲ್ಲಿ ಯಾರಿಗೆ ದಿಲ್ಲಿಯಿಂದ ಕಾಗದ ಬಂದರೂ ಓದಿಸಲು ನನ್ನ ಹತ್ತಿರವೇ ತರುತ್ತಿದ್ದರು. ನಮ್ಮ ಓಣಿಗೆ ದಿಲ್ಲಿಯಿಂದ ಕಾಗದ ಬಂದದ್ದು ಒಂದೇ ಸಲ, ಅದೂ ವಿಳಾಸ ತಪ್ಪಿ. ಆ ಮಾತು ಬಿಡಿ.

ಹೀಗಿರುವಾಗ ನನ್ನ ಹೆಂಡತಿ ಶೈಲಾಳ ತಮ್ಮ ಶಿವಾನಂದ ಒಂದು ಭಾನುವಾರ ಖಾನಾಪುರದಿಂದ ಓಡೋಡಿ ಬಂದ. ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಕಾರ್ಖಾನೆಯಲ್ಲಿದ್ದ ನೌಕರಿ ಬಿಟ್ಟು ಅವನು ತನ್ನ ಊರು ಖಾನಾಪುರದಲ್ಲಿ ಸೀರೆ ಅಂಗಡಿ ಹಾಕುವವನಿದ್ದ. ನಮ್ಮ ಖಾಸಬಾಗದ ನೇಕಾರರ ಸೀರೆಗಳನ್ನು ಮಾತ್ರ ಮಾರುವುದು ಅವನ ಹಟ. ಈಗ ಬಂದದ್ದು ಬೇರೆ ಕಾರಣಕ್ಕೆ. ಮುಂಬೈಯ ಒಬ್ಬ ನಟಿ ಶೂಟಿಂಗಿಗೆಂದು ಗೋವಾಕ್ಕೆ ಕಾರಿನಲ್ಲಿ ಖಾನಾಪುರದ ಮೇಲೇ ಹಾದು ಹೋಗುವವಳಿದ್ದಳು. ಯಾರನ್ನೋ ಹಿಡಿದು, ಇನ್ಯಾರಿಗೋ ಕೈಮುಗಿದು, ಅರ್ಧ ತಾಸು ಇಳಿದು ರಿಬ್ಬನ್ ಕತ್ತರಿಸಲು ಅವಳನ್ನು ಒಪ್ಪಿಸಿದ್ದ.

"ಆಕಿ ಬರೇ ಹಿಂದಿ ಮಾತಾಡ್ತಾಳ್ರಿ ಮಾಮಾ," ಎಂದ. "ನೀವು ಬಾಜೂಕ ನಿಂತು ಕನ್ನಡದಾಗ ಹೇಳಬೇಕು."

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ದೊಡ್ಡ ಜವಾಬ್ದಾರಿ ಹೊರುವ ಮೊದಲು ನಾನು ಹೀಗೆ ಮಾಡುವುದುಂಟು. ಶೈಲಾ ಮಾತ್ರ, ಖಾನಾಪುರದ ಮಂದಿಗೆ ಹಿಂದಿಯನ್ನು ಕನ್ನಡದಲ್ಲಿ ಹೇಳುವುದು ಯಾತಕ್ಕೆ ಎಂದು ಕೇಳಿದಳು. ಅಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಟಿವಿ ಮುಂದೆ ಹಿಂದಿ. ಎಮ್ಮೆಗಳು ಕೂಡ ಮೂರು ಭಾಷೆಯಲ್ಲಿ ಬೈಸಿಕೊಂಡು ಬೆಳೆದಿವೆ ಎಂದಳು. ತಿಳಿಯುವುದು ಬೇರೆ, ಅನುವಾದ ಬೇರೆ, ಅನುವಾದ ಒಂದು ಕಲೆ ಎಂದು ನಾನು ಅವಳಿಗೆ ತಿಳಿಹೇಳಿದೆ. ಅವಳು ರೊಟ್ಟಿ ಬಡಿಯಲು ಎದ್ದು ಹೋದಳು.

ಉದ್ಘಾಟನೆಯ ದಿನ ಖಾನಾಪುರಕ್ಕೆ ಖಾನಾಪುರವೇ ನೆರೆದಿತ್ತು. ಅಂಗಡಿಯ ಮುಂದೆ ಪೆಂಡಾಲು, ಬಾಳೆಕಂಬ, ಹಗ್ಗಕ್ಕೆ ಸಾಲಾಗಿ ತೂಗುಹಾಕಿದ ಸೀರೆಗಳು. ನಾನು ಮದುವೆಯ ಕೋಟು ಹಾಕಿಕೊಂಡಿದ್ದೆ. ಗುಂಡಿ ಕೂಡುತ್ತಿರಲಿಲ್ಲ, ಆದರೆ ಉಸಿರು ಹಿಡಿದರೆ ಗೊತ್ತಾಗುತ್ತಿರಲಿಲ್ಲ. ನಟಿ ತಡವಾಗಿ ಬಂದಳು, ಕಪ್ಪು ಕನ್ನಡಕ ತೆಗೆಯದೆ ರಿಬ್ಬನ್ ಕತ್ತರಿಸಿದಳು, ಎಲ್ಲರಿಗೂ ಕೈ ಬೀಸಿದಳು. ಮೊದಲ ಎರಡು ಮಾತು ಸುಸೂತ್ರವಾಗಿ ನಡೆದವು. ಅವಳು "ನಮಸ್ತೆ" ಎಂದಳು, ನಾನು "ನಮಸ್ಕಾರ" ಎಂದೆ. ನನ್ನ ಅನುವಾದಕ್ಕೆ ಚಪ್ಪಾಳೆ ಬಿತ್ತು!

ಆಮೇಲೆ ಅವಳು ತೂಗುಹಾಕಿದ ಒಂದು ಸೀರೆಯ ಸೆರಗು ಹಿಡಿದು ನೋಡಿದಳು. ನಕ್ಕು, ಹಿಂದಿಯಲ್ಲಿ ಅಂದಳು: ಎಷ್ಟು ಚೆಂದ ಇವೆ, ನಮ್ಮ ಮನೆಯ ಕೆಲಸದವಳು ದಿನಾ ಉಡುವುದೂ ಇಂಥ ಸೀರೆಗಳನ್ನೇ.

ನಾನು ಜನರ ಕಡೆ ನೋಡಿದೆ. ಪೆಂಡಾಲಿನಲ್ಲಿ ಊರ ಹಿರಿಯರು, ನೇಕಾರರು, ಹೊಸ ಸೀರೆ ಕೊಳ್ಳಲು ಬಂದ ನೂರಾರು ಹೆಣ್ಣುಮಕ್ಕಳು. ಈ ಅಂಗಡಿ ನಡೆಯದಿದ್ದರೆ ಶಿವಾನಂದನಿಗೆ ಬೇರೆ ದಿಕ್ಕಿಲ್ಲ, ಮಚ್ಛೆಯಲ್ಲಿ ಅವನ ಜಾಗಕ್ಕೆ ಆಗಲೇ ಮತ್ತೊಬ್ಬ ಬಂದಿದ್ದ. ಕ್ಷಣಾರ್ಧದಲ್ಲಿ ನನ್ನೊಳಗಿನ ಕಲಾವಿದ ಎಚ್ಚೆತ್ತ. ನಾನು ಗಂಟಲು ಸರಿಮಾಡಿಕೊಂಡು ಮೈಕಿನಲ್ಲಿ ಘೋಷಿಸಿದೆ: "ಇಂಥ ಸೀರೆಗಳನ್ನು ತಮ್ಮ ಪೂಜ್ಯ ತಾಯಿಯವರು ದಿನವೂ ಉಡುತ್ತಾರೆಂದು ಮೇಡಂ ಅವರು ಅಭಿಮಾನದಿಂದ ನುಡಿಯುತ್ತಿದ್ದಾರೆ."

ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

"ಆಕಿ ಕೆಲಸದಾಕಿ ಅಂದ್ಲಲ್ರಿ ಮಾಸ್ತರ. ನೀವು ತಾಯಿ ಅಂತೀರಿ."

ಪೆಂಡಾಲಿನಲ್ಲಿ ಗುಸುಗುಸು ಎದ್ದಿತು. ಏನಾಯಿತೆಂದು ನಟಿ ನನ್ನನ್ನು ಕೇಳಿದಳು. ಜನ ನಿಮ್ಮನ್ನು ಆಶೀರ್ವದಿಸುತ್ತಿದ್ದಾರೆ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅದೂ ಜನರಿಗೆ ತಿಳಿಯಿತು! ಅವಳು ಎಲ್ಲರಿಗೂ ಕೈಮುಗಿದು, ಕಾರು ಹತ್ತಿ, ಗೋವಾದ ದಾರಿ ಹಿಡಿದಳು. ಅವಳು ಇಡೀ ಖಾನಾಪುರದ ಬಾಯಿಗೆ ನನ್ನನ್ನು ಒಪ್ಪಿಸಿ ಹೋದದ್ದು ಅವಳಿಗೆ ಇಂದಿಗೂ ಗೊತ್ತಿರಲಿಕ್ಕಿಲ್ಲ.

ಮರುದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ವರದಿಗಾರ ಬಹಳ ನ್ಯಾಯವಂತ ಇರಬೇಕು, ನಟಿಯ ಮಾತನ್ನೂ ನನ್ನ ಮಾತನ್ನೂ ಸಮಪಾಲು ಬೆರೆಸಿದ್ದ. ತಲೆಬರಹ ಹೀಗಿತ್ತು: "ನಟಿಯ ತಾಯಿ ಮನೆಗೆಲಸದವಳು: ಶಿಕ್ಷಕರ ಹೇಳಿಕೆ." ಕೆಳಗೆ ನನ್ನ ಫೋಟೋ. ನಟಿಯದೂ ಇತ್ತು, ಆದರೆ ಸಣ್ಣದು. ನಿಜ ಹೇಳುತ್ತೇನೆ, ಒಳಗೊಳಗೇ ನನಗೆ ಸ್ವಲ್ಪ ಖುಷಿಯೇ ಆಯಿತು.

ಸಂಜೆ ನಮ್ಮ ಓಣಿಯ ನೇಕಾರರು ನಾಲ್ಕು ಮಂದಿ ಮನೆಗೆ ಬಂದರು. ನಟಿ ತಮ್ಮ ಕೈಗೆಲಸವನ್ನು ಹೀಗಳೆದಿದ್ದಾಳೆ, ನೀವು ಪಕ್ಕದಲ್ಲೇ ನಿಂತು ಅದನ್ನು ಮುಚ್ಚಿಟ್ಟಿರಿ, ಇದಕ್ಕೆ ಸ್ಪಷ್ಟೀಕರಣ ಕೊಡಬೇಕು ಎಂದರು. ಸ್ಪಷ್ಟೀಕರಣ! ಆ ಶಬ್ದ ಕೇಳಿಯೇ ನಾನು ಅರ್ಧ ಗೇಣು ಎತ್ತರವಾದೆ. ಸ್ಪಷ್ಟೀಕರಣವನ್ನು ಮಂತ್ರಿಗಳು ಕೊಡುತ್ತಾರೆ, ಕ್ರಿಕೆಟ್ ಆಟಗಾರರು ಕೊಡುತ್ತಾರೆ. ಹಿಂದಿ ಮಾಸ್ತರರಿಂದ ಯಾರೂ ಕೇಳುವುದಿಲ್ಲ. ಸುಮ್ಮನೆ ತಪ್ಪಾಯಿತು ಅಂದುಬಿಡಿ, ನಾಳೆ ಮರೆಯುತ್ತಾರೆ ಎಂದು ಶೈಲಾ ಅಡುಗೆಮನೆಯಿಂದಲೇ ಹೇಳಿದಳು. ಆದರೆ ನಾನು ಆಗಲೇ ಕೋಟು ಹುಡುಕುತ್ತಿದ್ದೆ.

ಆಗ ನಮ್ಮಲ್ಲಿ ಕೇಬಲ್‌ನವರದೇ ಒಂದು ಚಾನೆಲ್ ಇತ್ತು. ಸೈಕಲ್ ಅಂಗಡಿಯ ಅಟ್ಟದ ಮೇಲೆ ಒಂದು ಕೋಣೆ, ಹಿಂದೆ ಜಲಪಾತದ ಪರದೆ, ಮುಂದೆ ಒಂದು ಕ್ಯಾಮೆರಾ. ಸುದ್ದಿ ಓದುವವನೇ ದೀಪ ಹಚ್ಚುತ್ತಿದ್ದ. ಅಲ್ಲಿ ಕುಳಿತು ನಾನು ಕರ್ನಾಟಕದ ನೇಕಾರರನ್ನು, ಕರಕುಶಲ ಕಲೆಯನ್ನು, ಭಾರತೀಯ ಸಂಸ್ಕೃತಿಯನ್ನು ಒಂದೊಂದಾಗಿ ಎತ್ತಿ ಹಿಡಿದೆ. ಕೊನೆಗೆ ಆವೇಶ ಬಂದು, ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದೆ: "ಇವು ಮರ್ಯಾದಸ್ಥ ಮನೆತನದ ಗರತಿಯರು ಉಡುವ ಸೀರೆಗಳು. ಕಂಡಕಂಡವರು ಉಡುವಂಥವಲ್ಲ!"

ಮಾತು ನನಗೇ ಎಷ್ಟು ಹಿಡಿಸಿತೆಂದರೆ, ಮನೆಗೆ ಬಂದು ಮರುಪ್ರಸಾರವನ್ನೂ ಕುಳಿತು ನೋಡಿದೆ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಪಾತ್ರೆ ತಿಕ್ಕುವ ಗಂಗವ್ವ ಬಂದಳು. ಉಟ್ಟದ್ದು ಖಾಸಬಾಗದ ಸೀರೆ, ಹಬ್ಬಕ್ಕೆಂದು ಎತ್ತಿಟ್ಟಿದ್ದದ್ದು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಸರ, ನಾ ಕಂಡಕಂಡಾಕಿ ಅಲ್ರಿ. ನನ್ನ ಹೆಸರು ಗಂಗವ್ವ," ಎಂದಳು. ಅಷ್ಟೇ ಹೇಳಿ ಹೋದಳು. ಅವಳು ಸಿಟ್ಟಿನಿಂದ ಕೂಗಾಡಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮಧ್ಯಾಹ್ನದೊಳಗೆ ಓಣಿಯಲ್ಲಿ ಒಬ್ಬ ಕೆಲಸದವಳೂ ಉಳಿಯಲಿಲ್ಲ. ಗಂಗವ್ವನ ಅಕ್ಕ, ಗಂಗವ್ವನ ಸೊಸೆ, ಗಂಗವ್ವನ ಗೆಳತಿಯರು. ನಮ್ಮ ಓಣಿ ನಡೆಯುತ್ತಿದ್ದುದೇ ಅವಳ ಬಳಗದಿಂದ ಎಂದು ನನಗೆ ಅಂದೇ ಗೊತ್ತಾದದ್ದು. ನೆರೆಹೊರೆಯ ಹೆಂಗಸರು ಬಂದು ನನ್ನನ್ನು ನೋಡಿ ಹೋದರು, ಸತ್ತ ಮನೆಗೆ ಬಂದವರಂತೆ. ಸಂಜೆ ನಮ್ಮ ಹೆಡ್‌ಮಾಸ್ತರರೂ ಕರೆಸಿದರು, ಅವರ ಮನೆಯೂ ನಮ್ಮ ಓಣಿಯಲ್ಲೇ. ಮಾತಿನ ನಡುವೆ ಅವರು ಕೈ ಮುಂದೆ ಮಾಡಿ ತೋರಿಸಿದರು, ಬೆರಳುಗಳಿಗೆ ಇನ್ನೂ ಪಾತ್ರೆ ತಿಕ್ಕುವ ಸಬೀನಾ ಪುಡಿ ಹತ್ತಿತ್ತು.

ನಮ್ಮ ಮನೆಯ ಪಾತ್ರೆಗಳ ವಿಷಯದಲ್ಲಿ ಶೈಲಾ ತೀರ್ಪು ಕೊಟ್ಟಳು: "ನೀವ ಹೇಳೀರಿ, ನೀವ ತಿಕ್ಕರಿ." ನಾನು ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತಿಕ್ಕಿದೆ. ಕುಕ್ಕರಿನ ತಳ ನನಗೆ ಒಲಿಯಲೇ ಇಲ್ಲ. ಗಂಗವ್ವ ಮರಳಿ ಬಂದದ್ದು ಬಹಳ ದಿನಗಳ ಮೇಲೆ. ನಾನು ಅವಳ ಮನೆಗೆ ಹೋಗಿ ಕೈಮುಗಿದ ಮೇಲೆ, ಅವಳು ಹೇಳಿದ ಕರಾರುಗಳಿಗೆಲ್ಲ ಹ್ಞೂಂಗುಟ್ಟಿದ ಮೇಲೆ.

ಅದಕ್ಕೂ ಮೊದಲು ಒಂದು ದಿನ ನಾನು ಹೀಗೆ ತಿಕ್ಕುತ್ತ ಕುಳಿತಿದ್ದಾಗಲೇ ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೂಗಿ, ತಮ್ಮ ಫೋನಿಗೆ ಖಾನಾಪುರದಿಂದ ಸುದ್ದಿ ಬಂದಿದೆ ಎಂದರು. ಶಿವಾನಂದನ ಅಂಗಡಿಯ ಮುಂದೆ ಬೆಳಗಿನಿಂದ ಸಿಕ್ಕಾಪಟ್ಟೆ ಮಂದಿ ಕೂಡಿದ್ದಾರಂತೆ, ಒಬ್ಬ ಪೊಲೀಸನೂ ಬಂದಿದ್ದಾನಂತೆ. ಸುದ್ದಿ ಇಷ್ಟೇ. ಉಳಿದದ್ದನ್ನು ನಾನು ಅನುವಾದಿಸಿಕೊಂಡೆ: ಕಲ್ಲು ತೂರಾಟ, ಬೆಂಕಿ, ಗಲ್ಲಾಪೆಟ್ಟಿಗೆಯ ಕೆಳಗೆ ಅಡಗಿ ಕುಳಿತ ಶಿವಾನಂದ! ನಾನು ಎಷ್ಟೇ ಬಡಾಯಿಯವನಾದರೂ, ಆ ಹುಡುಗನೆಂದರೆ ನನಗೆ ಜೀವ. ಕೈಗೆ ಹತ್ತಿದ ನೊರೆಯನ್ನೂ ತೊಳೆಯದೆ ಬಸ್ ಸ್ಟ್ಯಾಂಡಿಗೆ ಓಡಿದೆ. ನೀವೊಬ್ಬರೇ ಹೋದರೆ ಮಂದಿ ಇನ್ನೂ ಹೆಚ್ಚಾಗುತ್ತಾರೆ ಎಂದು ಶೈಲಾಳೂ ಹಿಂದೆಯೇ ಬಂದಳು.

ಖಾನಾಪುರದಲ್ಲಿ ನೋಡಿದರೆ ಸುದ್ದಿ ಸುಳ್ಳಾಗಿರಲಿಲ್ಲ. ಅಂಗಡಿಯ ಮುಂದೆ ಹೆಂಗಸರ ಗದ್ದಲ. ಒಬ್ಬರ ಮೇಲೊಬ್ಬರು ಬಿದ್ದು ಕೈ ಎತ್ತಿ ಕೂಗುತ್ತಿದ್ದರು. ನಡುವೆ ಪೊಲೀಸ ಬೆವರು ಒರೆಸಿಕೊಳ್ಳುತ್ತಿದ್ದ. ಶಿವಾನಂದನ ತಲೆ ಮಾತ್ರ ಒಮ್ಮೊಮ್ಮೆ ಕಾಣುತ್ತಿತ್ತು. ಅವನು ನನ್ನನ್ನು ಕಂಡು ಎರಡೂ ಕೈ ಜೋರಾಗಿ ಆಡಿಸಿದ. ಕಾಪಾಡಿರಿ ಎನ್ನುತ್ತಿದ್ದಾನೆಂದು ನಾನು ತಿಳಿದುಕೊಂಡೆ. ಪಕ್ಕದಲ್ಲಿದ್ದ ಸೋಡಾ ಪೆಟ್ಟಿಗೆಯ ಮೇಲೆ ಹತ್ತಿದೆ.

"ತಾಯಂದಿರೇ!" ಎಂದು ಕೂಗಿದೆ. ಗದ್ದಲ ನಿಂತಿತು. ಇಂಥ ಗಂಟಲನ್ನು ನನಗೆ ಕೊಟ್ಟ ದೇವರು ಜೊತೆಗೆ ಬೇರೇನಾದರೂ ಕೊಡಬಹುದಿತ್ತು. "ತಾಯಂದಿರೇ, ನಟಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವಳ ಮನೆಯ ಕೆಲಸದವಳು ಈ ಸೀರೆ ಉಟ್ಟೇ ಇಲ್ಲ. ಇದನ್ನು ಅವಳು ಕಣ್ಣಿಂದ ಸಹ ನೋಡಿಲ್ಲ. ಅದು ಶುದ್ಧ ಸುಳ್ಳು!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಖರೇನೇ ಎಂದು ಒಬ್ಬಳು ಕೇಳಿದಳು. ದೇವರಾಣೆಗೂ ಖರೆ ಎಂದೆ. ಅವಳು ಕೈಯಲ್ಲಿದ್ದ ಸೀರೆಯನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು.

"ಹಂಗಾದ್ರ ಬ್ಯಾಡ ಬಿಡ್ರಿ," ಎಂದಳು. "ಮುಂಬೈದಾಗ ದಿನಾ ದುಡಿಯೂ ಹೆಣ್ಣಮಗಳು ಉಡ್ತಾಳ, ಸೀರಿ ಗಟ್ಟಿ ಇರಬೇಕು ಅಂತ ಬಂದಿದ್ವಿ."

ಅವಳ ಹಿಂದೆ ಇನ್ನೊಬ್ಬಳು ಇಟ್ಟಳು. ಮತ್ತೊಬ್ಬಳು. ಪೊಲೀಸನೂ ಕಂಕುಳಲ್ಲಿದ್ದ ಎರಡು ಸೀರೆಗಳನ್ನು ಹೊರಗೆ ತೆಗೆದು ಮಡಿಕೆ ಸರಿಮಾಡಿ ಇಟ್ಟ. ಅವನು ಬಂದದ್ದು ಬಂದೋಬಸ್ತಿಗಲ್ಲ, ಹೆಂಡತಿ ಕಳಿಸಿದ್ದಳು. ನೋಡನೋಡುತ್ತ ಅಂಗಡಿಯ ಮುಂದೆ ಅರ್ಧ ಜಾಗ ಖಾಲಿಯಾಯಿತು. ನಾನು ಪೆಟ್ಟಿಗೆಯ ಮೇಲೆಯೇ ನಿಂತಿದ್ದೆ.

ಶಿವಾನಂದ ಹೊರಗೆ ಬಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಮಾಮಾ, ಆಕಿ ಹಗುರಾಗಿ ಆಡಿದ್ದು ತಡಕೊಂಡ್ನಿ," ಎಂದ. "ನೀವು ಹೊಗಳೂದು ತಡಕೊಳ್ಳಾಕ ಆಗವಲ್ದು."

ಅವನ ಕಣ್ಣಲ್ಲಿ ನೀರಿತ್ತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆಗ ಶೈಲಾ ನನ್ನ ಅಂಗಿಯ ತೋಳು ಹಿಡಿದು ಪೆಟ್ಟಿಗೆಯಿಂದ ಇಳಿಸಿದಳು. ನಾನು ನಿಂತಿದ್ದ ಜಾಗದಲ್ಲಿ ತಾನು ಹತ್ತಿ ನಿಂತಳು. ಆ ಊರಿನ ಮಗಳು, ಅವಳಿಗೆ ಯಾರ ಅಂಜಿಕೆ?

"ಅಕ್ಕಾ, ಹೋಗಬ್ಯಾಡ್ರಿ," ಎಂದು ಕೂಗಿದಳು. "ಆ ನಟಿ ಹೇಳಿದ್ದ ಖರೇ ಐತಿ, ನೀವೂ ಕೇಳೀರಿ. ಇವರ ಮಾತು ಹಿಡೀಬ್ಯಾಡ್ರಿ. ಇವರಿಗೆ ಹಿಂದಿ ಬರೂದಿಲ್ಲ."

ಹೊರಟವರು ನಿಂತರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮೊದಲು ಸೀರೆ ಇಟ್ಟವಳೇ ಹತ್ತಿರ ಬಂದು, "ಹೌದೇನ್ರಿ ಮಾಸ್ತರ?" ಎಂದು ಕೇಳಿದಳು.

ವರ್ಷಾನುಗಟ್ಟಲೆ ನಾನು ಗಳಿಸಿದ್ದು ಒಂದೇ ಒಂದು ಆಸ್ತಿ. ಅದರ ಮೇಲೆ ನನ್ನ ಸಂಬಳ, ನನ್ನ ಮರ್ಯಾದೆ, ಓಣಿಯಲ್ಲಿ ನನ್ನ ನಡಿಗೆಯ ಠೀವಿ ಎಲ್ಲ ನಿಂತಿತ್ತು. ಶೈಲಾ ನನ್ನನ್ನು ನೋಡಲಿಲ್ಲ. ಶಿವಾನಂದ ನೋಡುತ್ತಿದ್ದ.

"ಹೌದವ್ವಾ," ಎಂದೆ. "ನನಗ ಹಿಂದಿ ಬರೂದಿಲ್ಲ."

ಹೆಂಗಸರು ಮರಳಿ ಅಂಗಡಿಗೆ ನುಗ್ಗಿದರು. ಇಟ್ಟ ಸೀರೆಗಳನ್ನು ಕಿತ್ತಾಡಿ ಎತ್ತಿಕೊಂಡರು. ಶಿವಾನಂದ ಒಳಗೆ ಓಡಿದ, ಓಡುತ್ತಲೇ ನನ್ನ ಭುಜವನ್ನೊಮ್ಮೆ ಒತ್ತಿ ಹೋದ. ನನ್ನ ಜೀವ ಹಗುರಾಯಿತು. ಇಷ್ಟು ವರ್ಷಗಳಲ್ಲಿ ನಾಲ್ಕು ಮಂದಿಗೆ ಉಪಯೋಗವಾಗುವಂತೆ ನಾನು ಆಡಿದ ಮಾತು ಇದೊಂದೇ ಇರಬೇಕು ಎಂದುಕೊಂಡು ಸ್ವಲ್ಪ ಎದೆ ಎತ್ತಿ ನಿಂತೆ.

ಆಗ ಪೊಲೀಸ ತನ್ನ ಎರಡು ಸೀರೆಗಳನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದ. ನಾನು ಯಾವ ಸಾಲೆಯ ಮಾಸ್ತರ ಎಂದು ವಿಚಾರಿಸಿದ. ಹೇಳಿದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಿಧಾನವಾಗಿ ತಲೆಯಾಡಿಸಿದ.

"ಈಗ ತಿಳೀತ ನೋಡ್ರಿ," ಎಂದ, "ನಿಮ್ಮ ಸಾಲ್ಯಾಗ ನಮ್ಮ ಹುಡುಗ ಹಿಂದಿ ಒಂದರಾಗ ಯಾಕ ನಪಾಸ ಆದ ಅಂತ."