ಮಹಿಳಾ ಮಂಡಳಿಯೂ ಪೇಪರಿನ ಫೋಟೋವೂ

ಸಮಾಜಸೇವೆಗೆ ಇಳಿದ ಮೇಲೆ ತಿಂಗಳಿಗೊಮ್ಮೆಯಾದರೂ ಮರ್ಯಾದೆ ಹೋಗುವುದು ನನಗೆ ಇದ್ದದ್ದೇ. ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ನಮ್ಮ ಪೇಟೆಯಲ್ಲಿ ಮಹಿಳಾ ಮಂಡಳಿ ಎರಡು. ಒಂದಕ್ಕೆ ನಾನು ಅಧ್ಯಕ್ಷೆ, ಇನ್ನೊಂದಕ್ಕೆ ನೆರೆಮನೆಯ ಅಕ್ಕ. ಅವರ ಫೋಟೋ ಪೇಪರಲ್ಲಿ ಹನ್ನೊಂದು ಸಲ ಬಂದಿತ್ತು. ನನ್ನದು ಒಂದು ಸಲವೂ ಬಂದಿರಲಿಲ್ಲ. ಹೊಟ್ಟೆಕಿಚ್ಚು ಉಂಟು, ಮುಚ್ಚಿಡುದು ಎಂತಕ್ಕೆ?

೧. ಗಿಡ

ಒಮ್ಮೆ ಗಿಡ ನೆಟ್ಟೆವು. ಫೋಟೋ ಬಂದೇ ಬಿಟ್ಟಿತು ಎಂದು ಓಡಿಹೋಗಿ ಪೇಪರ್ ತಂದೆ. ನನ್ನ ಮುಖ ಅತಿಥಿಗಳ ಕೊಡೆಯ ಹಿಂದೆ.

ಮಗಳು ನೋಡಿ, "ಅಮ್ಮಾ, ಕೊಡೆ ಲಾಯ್ಕ ಬಂದಿದೆ" ಎಂದಳು.

೨. ಮನವಿ

ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಮೀನು ಮಾರುವ ಹೆಂಗಸರು ಬೆಳಗ್ಗಿನಿಂದ ನೀರೇ ಕುಡಿಯದೆ ಕೂರುತ್ತಿದ್ದರು. ಇದಾದರೂ ನಮ್ಮ ಹೆಸರಲ್ಲಿ ಆಗಲಿ ಎಂದು ಹದಿನಾಲ್ಕು ಮಂದಿ ತಾಲೂಕು ಆಫೀಸಿಗೆ ಮನವಿ ಕೊಡಲು ಹೋದೆವು. ಕಾಗದದ ಒಂದು ತುದಿ ಸಾಹೇಬರ ಕೈಯಲ್ಲಿ, ಇನ್ನೊಂದು ತುದಿಗೆ ನಾವಷ್ಟೂ ಮಂದಿ. ಒಬ್ಬರ ಕಣ್ಣು ಮುಚ್ಚಿತೆಂದು ಎರಡನೇ ಫೋಟೋ, ಸೆರಗು ಸರಿ ಇಲ್ಲವೆಂದು ಮೂರನೆಯದು. ಪ್ರತಿ ಸಲವೂ ಮನವಿ ವಾಪಸ್ ತಕ್ಕೊಂಡು ಪುನಃ ಕೊಡುದು.

ಮನೆಗೆ ಬಂದು ನೋಡಿದರೆ ಮನವಿ ನನ್ನ ಚೀಲದಲ್ಲೇ ಉಂಟು!

ಅದೇ ವಾರ ಅಕ್ಕ ಒಬ್ಬರೇ ಹೋಗಿ, ಫೋಟೋ ಗೀಟೋ ಇಲ್ಲದೆ, ತಮ್ಮ ಮನವಿ ಕೊಟ್ಟು ಸೀಲು ಹಾಕಿಸಿ ಬಂದರು. ಶೌಚಾಲಯ ಮಂಜೂರಾಯಿತು.

"ನಿಮ್ಮ ಮನವಿ ಎಂತಾಯ್ತು ಮಾರಾಯ್ರೆ?" ಎಂದು ಕೇಳಿದರು.

"ಪರಿಶೀಲನೆಯಲ್ಲಿ ಉಂಟು" ಎಂದೆ.

೩. ಉದ್ಘಾಟನೆ

ರಿಬ್ಬನ್ ಕತ್ತರಿಸುವ ಭಾಗ್ಯ ಅಕ್ಕನಿಗೆ, ನನಗೆ ಪ್ಲಾಸ್ಟಿಕ್ ಕುರ್ಚಿ. ಹೊಟ್ಟೆಯ ಉರಿ ತಣಿಯಲಿ ಎಂದು ಎರಡು ಗ್ಲಾಸು ಶರಬತ್ತು, ಮೇಲಿಂದ ಒಂದು ಎಳನೀರು ಕುಡಿದೆ. ಭಾಷಣ ಮುಗಿಯುದೇ ಇಲ್ಲ! ನಾಲ್ಕನೆಯವರು ಮೈಕ್ ಹಿಡಿದಾಗ ನನಗೆ ತಡೆಯಲಾಗಲಿಲ್ಲ. ವೇದಿಕೆ ಆಚೆ ಬದಿಗಿತ್ತು. ಮೆಲ್ಲನೆ ಎದ್ದು, ರಿಬ್ಬನ್ನಿನ ಅಡಿಯಿಂದ ಬಗ್ಗಿ ಒಳಗೆ ನುಗ್ಗಿ ಚಿಲಕ ಹಾಕಿದೆ.

ಸ್ವಲ್ಪ ಹೊತ್ತಿಗೆ ಬಾಗಿಲ ಹೊರಗೇ ಚಪ್ಪಾಳೆ ಕೇಳಿತು. ರಿಬ್ಬನ್ ತುಂಡಾಯಿತು. ಅಕ್ಕ ಬಾಗಿಲು ದೂಡಿದರು, ಅಲುಗಲಿಲ್ಲ.

"ಹೊಸ ಬಾಗಿಲಲ್ವಾ, ಬಿಗಿ ಉಂಟು. ಜೋರು ದೂಡಿ" ಎಂದರು ಕಂಟ್ರಾಕ್ಟರು.

"ಅಯ್ಯೋ, ದೂಡಬೇಡಿ ಮಾರಾಯ್ರೆ! ಒಳಗೆ ಜನ ಉಂಟು!" ಎಂದು ಕಿರುಚಿದೆ.

ಬೇರೆ ದಾರಿ ಇಲ್ಲದೆ ಬಾಗಿಲು ತೆಗೆದು ಹೊರಗೆ ಬಂದೆ. ಕ್ಯಾಮೆರಾಗಳೆಲ್ಲ ಒಟ್ಟಿಗೆ ಮಿಂಚಿದವು. ಎದುರಿಗಿದ್ದ ಮೀನಿನಾಕೆ ಮಾತ್ರ ಗಂಭೀರವಾಗಿ, "ನೀರು ಸರಿ ಬರ್ತದಾ ಅಕ್ಕಾ?" ಎಂದು ವಿಚಾರಿಸಿದಳು.

"ಬರ್ತದೆ" ಎಂದೆ.

ಮರುದಿನ ಪೇಪರಲ್ಲಿ ದೊಡ್ಡ ಫೋಟೋ. ನಟ್ಟನಡುವೆ ನಾನು. ಅಕ್ಕನದ್ದು ಕತ್ತರಿ ಹಿಡಿದ ಕೈ ಮಾತ್ರ ಬಂದಿತ್ತು.